ಬಿಡುಗಡೆಯ ಮರುದಿನ



ಲೋಕಹಿತಕ್ಕೆ ಸಂಬಂಧಿಸಿದ ಯಾವುದಾದರೊಂದು ವಿಷಯವನ್ನು ಕುರಿತು ಮಾತನಾಡಬೇಕೆಂಬುದೊಂದೇ ಈ ದತ್ತಿ ಉಪನ್ಯಾಸದ ನಿಬಂಧನೆಯಾದುದರಿಂದ ಉಪನ್ಯಾಸಕನಿಗೆ ಇಲ್ಲಿ ವಿಶೇಷವಾದ ಸ್ವಾತಂತ್ರ್ಯವುಂಟು. ಆ ಸ್ವಾತಂತ್ರ್ಯವನ್ನು ಅವಲಂಬಿಸಿಯೇ, ನಮ್ಮ ಸಭೆಗಳಲ್ಲಿ ಸಾಮಾನ್ಯವಾಗಿ ಯಾರೂ ಎತ್ತದ, ಎತ್ತಿದರೂ ದನಿಯನ್ನು ತಗ್ಗಿಸಿ ಎರಡು ಮಾತಿನಲ್ಲಿ ಮುಗಿಸಿಬಿಡುವ ಒಂದು ವಿಷಯವನ್ನು ಇಂದು ತಮ್ಮ ಮುಂದಿಡಲು ಧೈರ್ಯ ಮಾಡಿದ್ದೇನೆ. ಮಾದಕ ವ್ಯಸನಕ್ಕೆ ವಶರಾಗಿ, ಅದರ ಪರಿಣಾಮವಾಗಿಯೇ ಸೆರೆಮನೆಯನ್ನು ಸೇರಿದ ಹೆಂಗಸರನ್ನು ಗೃಹಗಳಲ್ಲಿಟ್ಟು ಚಿಕಿತ್ಸೆ ಮಾಡುವ ಕ್ರಮವೆಂಥದು, ಆ ಚಿಕಿತ್ಸೆ ಮುಗಿದ ಬಳಿಕ ಅವರು ಮತ್ತೆ ಜನದ ನಡುವೆ ಬಂದು ಬಾಳುವ ಬಗೆಯೆಂಥದು ಎಂಬುದೇ ಆ ವಿಷಯ.

ನನ್ನ ನಿದರ್ಶನಗಳನ್ನು ಬಹುಮಟ್ಟಿಗೆ ಅಮೆರಿಕದ ಸಂಯುಕ್ತ ಸಂಸ್ಥಾನಗಳಿಂದ ತೆಗೆದುಕೊಂಡಿದ್ದೇನೆ. ಆ ದೇಶವು ಈ ಸಮಸ್ಯೆಯೊಡನೆ ಸುಮಾರು ನೂರು ವರ್ಷಗಳಿಂದ, ಕೆಲವು ಸಲ ದಯೆಯಿಂದ, ಕೆಲವು ಸಲ ಕ್ರೌರ್ಯದಿಂದ, ಅನೇಕ ಸಲ ಎರಡನ್ನೂ ಬೆರೆಸಿಕೊಂಡು ಹೆಣಗಿದೆ. ತಾನು ಮಾಡಿದ್ದನ್ನೆಲ್ಲ ಬರೆದಿಟ್ಟಿದೆ. ತನ್ನ ಸೋಲನ್ನು ಕೂಡ ಅಂಕಿಗಳೊಡನೆ ಅಚ್ಚು ಹಾಕಿಸಿದೆ. ಆ ದಾಖಲೆಗಳನ್ನು ಓದುತ್ತ ಓದುತ್ತ ನನ್ನಲ್ಲಿ ಬಲವಾದ ಅಭಿಪ್ರಾಯ ಒಂದೇ. ವ್ಯಸನಿಯಾದ ಹೆಂಗಸಿನ ಚಿಕಿತ್ಸೆ ಗೆದ್ದಿತೋ ಸೋತಿತೋ ಎಂಬುದು ತೀರ್ಮಾನವಾಗುವುದು ಬಿಡುಗಡೆಯ ಮರುದಿನ: ಅವಳ ಕೈಯಲ್ಲಿ ಏನಿದೆ, ತಲೆಯ ಮೇಲೆ ಯಾವ ಸೂರಿದೆ, ಮಗು ಯಾರ ಬಳಿ ಇದೆ ಎಂಬುದರಿಂದ. ಇದು ಬಹಳ ಸರಳವಾದ ಮಾತೆಂದು ತಮಗೆ ತೋರಬಹುದು. ಆದರೆ ಇಷ್ಟು ಸರಳವಾದ ಮಾತನ್ನು ತಿಳಿದುಕೊಳ್ಳುವುದಕ್ಕೆ ಒಂದು ಶ್ರೀಮಂತ ರಾಷ್ಟ್ರಕ್ಕೆ ಎಷ್ಟು ಕಾಲ ಹಿಡಿಯಿತೆಂಬುದೇ ಆಶ್ಚರ್ಯ.

1947ರಲ್ಲಿ ಫಿಲಡೆಲ್ಫಿಯಾ ನಗರದ ನ್ಯಾಯಾಲಯವೊಂದರಲ್ಲಿ ಮೂವತ್ತೆರಡು ವರ್ಷದ ಒಬ್ಬ ಗಾಯಕಿ ಮಾದಕದ್ರವ್ಯವನ್ನು ಇಟ್ಟುಕೊಂಡಿದ್ದ ಆಪಾದನೆಗೆ ಒಳಗಾಗಿ ನಿಂತಳು. ಬಿಲ್ಲಿ ಹಾಲಿಡೇ ಎಂಬ ಆ ಹೆಸರು ಜಾಝ್ ಸಂಗೀತವನ್ನು ಬಲ್ಲವರಿಗೆಲ್ಲ ಪರಿಚಿತವಾದದ್ದೇ. ಅವಳ ಪರವಾಗಿ ವಾದಿಸುವುದಕ್ಕೆ ವಕೀಲರು ಇರಲಿಲ್ಲ. ತಾನು ಆಸ್ಪತ್ರೆಗೆ ಹೋಗಲು ಸಿದ್ಧಳಾಗಿದ್ದೇನೆಂದು ಅವಳೇ ನಿವೇದಿಸಿಕೊಂಡಳು. ನ್ಯಾಯಾಧೀಶರು ವಿಧಿಸಿದ್ದು ಒಂದು ವರ್ಷ ಒಂದು ದಿನದ ಸೆರೆ. ಅವಳನ್ನು ಕಳುಹಿಸಿದ್ದು ಪಶ್ಚಿಮ ವರ್ಜೀನಿಯಾದ ಆಲ್ಡರ್ಸನ್ ಎಂಬ ಊರಿನ ಹೆಂಗಸರ ಕಾರಾಗೃಹಕ್ಕೆ.

ಆಲ್ಡರ್ಸನ್ನಿನ ವಿಚಾರವನ್ನು ಕೊಂಚ ವಿಸ್ತಾರವಾಗಿ ಹೇಳಬೇಕು. ಏಕೆಂದರೆ ಆ ಕಾಲಕ್ಕೆ ಅದು ಕೆಟ್ಟ ಸೆರೆಮನೆಯಾಗಿರಲಿಲ್ಲ, ಅತ್ಯಂತ ಒಳ್ಳೆಯ ಸೆರೆಮನೆಯಾಗಿತ್ತು. ಮಹಿಳಾ ಸಂಘಗಳ ಒತ್ತಾಯದ ಫಲವಾಗಿ 1927ರಲ್ಲಿ ಆರಂಭವಾದ ಈ ಸಂಸ್ಥೆಗೆ ಎತ್ತರದ ಪ್ರಾಕಾರವಿರಲಿಲ್ಲ. ಗ್ರೀನ್‌ಬ್ರಯರ್ ನದಿಯ ಪಕ್ಕದ ಇಳಿಜಾರಿನಲ್ಲಿ ಕುಟೀರಗಳು, ಕುಟೀರಕುಟೀರಕ್ಕೂ ಅದರದೇ ಅಡುಗೆಮನೆ, ಊಟದ ಪಡಸಾಲೆ. ಕೈದಿಗಳು ತೋಟದಲ್ಲಿ ದುಡಿದು, ಬಟ್ಟೆ ಹೊಲಿದು, ಓದುಬರಹ ಕಲಿತು ಮನೆವಾರ್ತೆಯ ಅಭ್ಯಾಸವನ್ನು ಮರಳಿ ಪಡೆಯಬೇಕೆಂಬ ಉದ್ದೇಶ. ಇದರ ಮೊದಲ ಮೇಲ್ವಿಚಾರಕಿ ಮೇರಿ ಬೆಲ್ ಹ್ಯಾರಿಸ್ ಎಂಬಾಕೆ ಷಿಕಾಗೊ ವಿಶ್ವವಿದ್ಯಾನಿಲಯದಲ್ಲಿ 1900ರಲ್ಲಿ ಸಂಸ್ಕೃತದಲ್ಲಿ ಪಾಂಡಿತ್ಯ ಸಂಪಾದಿಸಿ ಡಾಕ್ಟರೇಟ್ ಪಡೆದವರು. ಸೆರೆಮನೆಯ ಅನುಭವಗಳ ಬಗ್ಗೆ ಪುಸ್ತಕ ಬರೆದಂತೆಯೇ ಕಾಳಿದಾಸನ ಪ್ರಕೃತಿವರ್ಣನೆಯನ್ನು ಕುರಿತೂ ಒಂದು ಪುಸ್ತಕ ಬರೆದವರು. ಶಾಕುಂತಲವನ್ನು ಬಲ್ಲ ಸೆರೆಮನೆಯ ಅಧಿಕಾರಿ ನಮ್ಮ ದೇಶಕ್ಕೆ ಎಷ್ಟು ಮಂದಿ ದೊರೆತಿದ್ದಾರೆಂಬುದನ್ನು ಸಭಿಕರೇ ಯೋಚಿಸಿಕೊಳ್ಳಬಹುದು. ಆದರೆ ಇಷ್ಟೆಲ್ಲ ಸೌಜನ್ಯದ ನಡುವೆಯೂ ಕರಿಯ ಹೆಂಗಸರಿಗೆ ಬೇರೆ ಕುಟೀರಗಳು, ಬಿಳಿಯ ಹೆಂಗಸರಿಗೆ ಬೇರೆ ಕುಟೀರಗಳು. ಹಾಲಿಡೇ ಬರುವ ವೇಳೆಗೆ ಹ್ಯಾರಿಸ್ ನಿವೃತ್ತರಾಗಿ ಹಲವು ವರ್ಷಗಳಾಗಿದ್ದುವು. ಈ ಏರ್ಪಾಡು ಮಾತ್ರ ಹಾಗೆಯೇ ನಿಂತಿತ್ತು. ಆ ಗಾಯಕಿ ಅಲ್ಲಿದ್ದಷ್ಟು ಕಾಲವೂ, ಎಷ್ಟು ಮಂದಿ ಕೇಳಿಕೊಂಡರೂ, ಒಂದು ಹಾಡನ್ನೂ ಹಾಡಲಿಲ್ಲವಂತೆ.

1948ರ ಮಾರ್ಚ್ 16ರಂದು ಅವಳಿಗೆ ಬಿಡುಗಡೆಯಾಯಿತು. ಅದೇ ತಿಂಗಳ 27ರಂದು ನ್ಯೂಯಾರ್ಕಿನ ಕಾರ್ನೆಗಿ ಸಭಾಂಗಣದಲ್ಲಿ ಕಿಕ್ಕಿರಿದ ಸಭೆಯ ಮುಂದೆ ಅವಳು ಹಾಡಿದಳು. ಇಲ್ಲಿಗೆ ಕಥೆ ಮುಗಿದಿದ್ದರೆ ಅದೊಂದು ವಿಜಯಗಾಥೆ. ಆದರೆ ಆ ನಗರದಲ್ಲಿ 1940ರಿಂದ ಒಂದು ನಿಯಮವಿತ್ತು: ಮದ್ಯವನ್ನು ಮಾರುವ ಯಾವುದೇ ಸ್ಥಳದಲ್ಲಿ ಹಾಡುವವರಾಗಲಿ, ವಾದ್ಯ ನುಡಿಸುವವರಾಗಲಿ, ಬಟ್ಟಲು ತಂದಿಡುವವರಾಗಲಿ ಪೊಲೀಸರಿಂದ ಬೆರಳಚ್ಚು ಕೊಟ್ಟು ಒಂದು ಕಾರ್ಡನ್ನು ಪಡೆದಿರಬೇಕು, ಶಿಕ್ಷೆಯಾದವರಿಗೆ ಆ ಕಾರ್ಡನ್ನು ನಿರಾಕರಿಸಬಹುದು. ಅವಳಿಗೆ ನಿರಾಕರಿಸಿದರು. ವರ್ಷಕ್ಕೊಮ್ಮೆಯೋ ಎರಡು ಸಲವೋ ದೊರೆಯುವ ಮಹಾಸಭಾಂಗಣದಲ್ಲಿ ಅವಳು ಹಾಡಬಹುದು. ದಿನನಿತ್ಯದ ಅನ್ನ ಹುಟ್ಟುವ, ಅವಳ ಕಲೆ ಬೆಳೆದ, ಗೆಳೆಯರೆಲ್ಲ ನುಡಿಸುತ್ತಿದ್ದ ಸಣ್ಣ ಸಣ್ಣ ಕ್ಲಬ್ಬುಗಳ ಬಾಗಿಲು ಮಾತ್ರ ಮುಚ್ಚಿತು. ಊರೂರು ಅಲೆದು ಹಾಡುತ್ತ ಅವಳು ಹನ್ನೊಂದು ವರ್ಷ ಬದುಕಿದಳು. ವ್ಯಸನ ಮರಳಿ ಬಂದಿತ್ತು. 1959ರಲ್ಲಿ ಮರಣಶಯ್ಯೆಯಲ್ಲಿದ್ದಾಗಲೇ ಅವಳನ್ನು ಮತ್ತೊಮ್ಮೆ ಬಂಧಿಸಿ ಆಸ್ಪತ್ರೆಯ ಕೋಣೆಗೆ ಪೊಲೀಸ್ ಕಾವಲು ಹಾಕಿದರು. ಜುಲೈ 17ರಂದು, ನಲವತ್ತನಾಲ್ಕನೆಯ ವಯಸ್ಸಿನಲ್ಲಿ, ತೀರಿಕೊಂಡಳು. ಆ ಕಾರ್ಡಿನ ಪದ್ಧತಿ ರದ್ದಾದದ್ದು 1967ರಲ್ಲಿ.

ಅವಳನ್ನು ಕೆಡಿಸಿದ್ದು ಆಲ್ಡರ್ಸನ್ ಎಂದು ನಾನು ಹೇಳಲಾರೆ. ಅಲ್ಲಿದ್ದಾಗ ಅವಳ ದೇಹ ಹೆರಾಯಿನ್‌ನಿಂದ ಬಿಡುಗಡೆ ಹೊಂದಿತ್ತು. ಒಂದು ಕಚೇರಿ ಅವಳನ್ನು ಹೊರಗೆ ಬಿಟ್ಟಿತು, ಇನ್ನೊಂದು ಕಚೇರಿ ಅವಳ ಅನ್ನದ ದಾರಿಯನ್ನು ಕಟ್ಟಿತು. ಎರಡು ಕಚೇರಿಗಳೂ ತಂತಮ್ಮ ನಿಯಮದಂತೆಯೇ ನಡೆದುಕೊಂಡವು. ಮುಂದೆ ನಾನು ಹೇಳುವುದರಲ್ಲಿ ಬಹುಭಾಗ ಈ ಎರಡು ಕಚೇರಿಗಳ ಕಥೆಯೇ.

ಗಾಯಕಿ ಬಯಸಿದಂಥ ಆಸ್ಪತ್ರೆ ಆಗ ಇರಲಿಲ್ಲವೆಂದೂ ಅಲ್ಲ. ಕೆಂಟಕಿ ಸಂಸ್ಥಾನದ ಲೆಕ್ಸಿಂಗ್ಟನ್ ನಗರದ ಬಳಿ, ಸಾವಿರ ಎಕರೆಯ ಬೇಸಾಯದ ಭೂಮಿಯ ನಡುವೆ, ವ್ಯಸನಿಗಳಿಗಾಗಿಯೇ ಸರ್ಕಾರ ಕಟ್ಟಿಸಿದ ಮಹಾಸಂಸ್ಥೆಯೊಂದು 1935ರಲ್ಲೇ ತೆರೆದಿತ್ತು. 1941ರಿಂದ ಅದು ಹೆಂಗಸರನ್ನೂ ಸೇರಿಸಿಕೊಳ್ಳುತ್ತಿತ್ತು. ಅರ್ಧ ಆಸ್ಪತ್ರೆ, ಅರ್ಧ ಬಂದೀಖಾನೆ. ತಾವಾಗಿ ಬಂದ ರೋಗಿಗಳೂ ಶಿಕ್ಷೆಯಾಗಿ ಬಂದ ಕೈದಿಗಳೂ ಒಂದೇ ಸೂರಿನಡಿ ಹಾಲು ಕರೆದು, ಬಟ್ಟೆ ಹೊಲಿದು, ಶುದ್ಧವಾದ ಗಾಳಿಯನ್ನು ಸೇವಿಸಿ, ಕೆಲವು ತಿಂಗಳಲ್ಲಿ ಮೈಕೈ ತುಂಬಿಕೊಂಡು ಊರಿಗೆ ಮರಳುತ್ತಿದ್ದರು. ಅಲ್ಲಿಂದ ನ್ಯೂಯಾರ್ಕ್ ನಗರಕ್ಕೆ ಹಿಂದಿರುಗಿದವರ ಗತಿಯೇನಾಯಿತೆಂದು ವೈದ್ಯರು ಬೆನ್ನಟ್ಟಿ ನೋಡಿ 1962ರಲ್ಲಿ ಪ್ರಕಟಿಸಿದ ವರದಿಯ ಸಾರ ಇಷ್ಟು: ಹತ್ತು ಮಂದಿಯಲ್ಲಿ ಒಂಬತ್ತಕ್ಕಿಂತ ಹೆಚ್ಚು ಮಂದಿ, ಬಹುಮಟ್ಟಿಗೆ ಆರು ತಿಂಗಳೊಳಗೇ, ಮತ್ತೆ ಹಳೆಯ ಅಭ್ಯಾಸಕ್ಕೆ ಬಿದ್ದಿದ್ದರು. ಹಸುರು ಹೊಲದ ನಡುವೆ ಹೆರಾಯಿನ್ ಬಿಡುವುದು ಸುಲಭ. ಆ ಹೊಲವನ್ನು ನ್ಯೂಯಾರ್ಕಿನ ಹಾರ್ಲೆಮ್ಮಿನ ಬೀದಿಗೆ ಕೊಂಡೊಯ್ಯಲಾಗುವುದಿಲ್ಲ. ಲೆಕ್ಸಿಂಗ್ಟನ್ನಿನಲ್ಲಿ ಯೌವನದಲ್ಲಿ ಕೆಲಸ ಮಾಡಿದ್ದ ಮೇರಿ ನೈಸ್ವಾಂಡರ್ ಎಂಬ ವೈದ್ಯೆ ಈ ಪಾಠವನ್ನು ಮನಸ್ಸಿಗೆ ತೆಗೆದುಕೊಂಡು, 1964ರಿಂದ ವಿನ್ಸೆಂಟ್ ಡೋಲ್ ಅವರೊಡನೆ ಸೇರಿ, ವ್ಯಸನಿಯನ್ನು ಅವನ ಊರಿನಲ್ಲಿಯೇ ಇಟ್ಟು, ದಿನಕ್ಕೊಂದು ಪ್ರಮಾಣದ ಮೆಥಡೋನ್ ಎಂಬ ಔಷಧ ಕೊಟ್ಟು, ಕೆಲಸಕ್ಕೆ ಕಳುಹಿಸುವ ಕ್ರಮವನ್ನು ರೂಪಿಸಿದರು. ಒಂದು ಮಾದಕದ ಬದಲು ಇನ್ನೊಂದು ಮಾದಕವಲ್ಲವೆ ಇದು ಎಂಬ ಆಕ್ಷೇಪ ಅಂದೂ ಇತ್ತು, ಇಂದೂ ಇದೆ. ಸಕ್ಕರೆಕಾಯಿಲೆಯವರ ಇನ್ಸುಲಿನ್ನನ್ನು ಆಕ್ಷೇಪಿಸದವರು ಇದನ್ನು ಏಕೆ ಆಕ್ಷೇಪಿಸುತ್ತಾರೋ ನಾನರಿಯೆ.

ಇನ್ನೊಂದು ಧಾರೆ ವೈದ್ಯರದಲ್ಲ, ವ್ಯಸನಿಗಳದೇ. 1958ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಚಾರ್ಲ್ಸ್ ಡೀಡೆರಿಕ್ ಎಂಬಾತ ಸಿನನಾನ್ ಎಂಬ ಸಹವಾಸಗೃಹವನ್ನು ತೆರೆದ; ಮಾದಕ ಬಿಟ್ಟವರು ಒಟ್ಟಿಗೆ ಇದ್ದು, ದುಡಿದು, ಒಬ್ಬರನ್ನೊಬ್ಬರು ತಿದ್ದಿಕೊಳ್ಳಬೇಕೆಂಬುದು ಅಲ್ಲಿಯ ತತ್ತ್ವ. ತಿದ್ದುವ ವಿಧಾನವೇನೆಂದರೆ, ವೃತ್ತಾಕಾರವಾಗಿ ಕುಳಿತು ಒಬ್ಬನನ್ನು ಗುರಿಮಾಡಿಕೊಂಡು ಬಾಯಿಗೆ ಬಂದಂತೆ ಬಯ್ದು, ಅವನ ಅಹಂಕಾರವನ್ನು ಮುರಿಯುವುದು. ಇಂದಿನ ಅನೇಕ ನಿವಾಸಿ ಚಿಕಿತ್ಸಾಗೃಹಗಳು ಈ ವಂಶದ ಕುಡಿಗಳೇ. ಮೂಲಸಂಸ್ಥೆ ಕೊನೆಗೆ ಪಂಥವಾಗಿ ಕೆಟ್ಟು, 1978ರಲ್ಲಿ ತನ್ನ ವಿರುದ್ಧ ದಾವೆ ನಡೆಸಿದ ವಕೀಲನ ಅಂಚೆಪೆಟ್ಟಿಗೆಯಲ್ಲಿ ವಿಷಸರ್ಪವನ್ನು ಇಟ್ಟ ಕೀರ್ತಿಯನ್ನು ಸಂಪಾದಿಸಿತು, ಅದು ಹಾಗಿರಲಿ. ನಮಗೆ ಮುಖ್ಯವಾದದ್ದು, ಈ ವಿಧಾನ ಗಂಡಸೊಬ್ಬ ಕಲ್ಪಿಸಿದ್ದೆಂಬುದು. ಸೆರೆ ಸೇರಿದ ಹೆಂಗಸರ ಜೀವನಚರಿತ್ರೆಗಳನ್ನು ಕೇಳಿದವರೆಲ್ಲರೂ ಹೇಳುವುದು ಒಂದೇ: ಮಾದಕಕ್ಕೆ ಮೊದಲು ಅಲ್ಲಿ ಪೆಟ್ಟು ಇರುತ್ತದೆ. ಬಾಲ್ಯದಲ್ಲಿ ಮನೆಯೊಳಗಿನವರಿಂದಲೇ ನಡೆದ ಅತ್ಯಾಚಾರ, ಮುಂದೆ ಗಂಡನ ಅಥವಾ ಗೆಳೆಯನ ಹೊಡೆತ, ಎಷ್ಟೋ ಸಲ ಮೊದಲ ಸೂಜಿಯನ್ನು ಚುಚ್ಚಿದವನೂ ಅವನೇ. ಮುರಿಯುವುದಕ್ಕೆ ಅಹಂಕಾರವೇ ಉಳಿದಿರದ ಇಂಥವಳನ್ನು ಹತ್ತು ಮಂದಿಯ ನಡುವೆ ಕೂರಿಸಿ ಬಯ್ದರೆ ಅವಳು ತಿದ್ದಿಕೊಳ್ಳುವುದಿಲ್ಲ; ಅಭ್ಯಾಸಬಲದಿಂದ ತಲೆ ತಗ್ಗಿಸುತ್ತಾಳೆ, ಬಾಗಿಲು ತೆರೆದೊಡನೆ ಹೊರಟುಹೋಗುತ್ತಾಳೆ. ಹೆಂಗಸರಿಗೆ ಬೇರೆಯದೇ ಕ್ರಮ ಬೇಕೆಂದು ಬಾರ್ಬರಾ ಬ್ಲೂಮ್, ಬಾರ್ಬರಾ ಓವೆನ್, ಸ್ಟೆಫನಿ ಕೋವಿಂಗ್ಟನ್ ಎಂಬ ಮೂವರು ವಿದುಷಿಯರು ರಾಷ್ಟ್ರದ ಕಾರಾಗೃಹಸಂಸ್ಥೆಗಾಗಿ ಸವಿಸ್ತಾರವಾದ ವರದಿಯನ್ನು ಒಪ್ಪಿಸಿದ್ದು 2003ರಲ್ಲಿ. ಸಂಯುಕ್ತರಾಷ್ಟ್ರಗಳ ಮಹಾಸಭೆ ಬ್ಯಾಂಕಾಕ್ ನಿಯಮಗಳೆಂಬ ಎಪ್ಪತ್ತು ನಿಯಮಗಳನ್ನು ಅಂಗೀಕರಿಸಿ, ಮಹಿಳಾ ಕೈದಿಗಳ ವ್ಯಸನಚಿಕಿತ್ಸೆಯಲ್ಲಿ ಅವರು ಹಿಂದೆ ಅನುಭವಿಸಿದ ಹಿಂಸೆಯನ್ನೂ ಗರ್ಭಿಣಿಯರ ಮತ್ತು ಮಕ್ಕಳೊಂದಿಗರ ವಿಶೇಷ ಅಗತ್ಯಗಳನ್ನೂ ಗಣಿಸತಕ್ಕದ್ದೆಂದು ಹೇಳಿದ್ದು 2010ರಲ್ಲಿ.

ಈ ನಡುವೆ ಸೆರೆಮನೆಗಳು ತುಂಬಿಹೋಗಿದ್ದುವು. 1962ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ, ವ್ಯಸನಿಯಾಗಿರುವುದೇ ಅಪರಾಧವಾಗಲಾರದೆಂದು ರಾಬಿನ್ಸನ್ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತ್ತು. ಆದರೆ ವ್ಯಸನಿಗೆ ಬೇಕಾದ ವಸ್ತುವನ್ನು ಇಟ್ಟುಕೊಳ್ಳುವುದು ಅಪರಾಧವಾಗಿಯೇ ಉಳಿಯಿತು. 1986ರ ಶಾಸನ ಅದಕ್ಕೆ ಕಠೋರವಾದ ಅಳತೆಗೋಲನ್ನು ತಂದಿತು. ಬಡವರ ಬೀದಿಗಳಲ್ಲಿ ಮಾರಾಟವಾಗುತ್ತಿದ್ದ ಕ್ರ್ಯಾಕ್ ಎಂಬ ಕೊಕೇನ್ ಐದು ಗ್ರಾಂ, ಧನಿಕರ ಮನೆಗಳಲ್ಲಿ ಬಳಕೆಯಾಗುತ್ತಿದ್ದ ಪುಡಿಕೊಕೇನ್ ಐನೂರು ಗ್ರಾಂ. ಎರಡರ ಮಾರಾಟಕ್ಕೂ 2010ರವರೆಗೆ ಕನಿಷ್ಠ ಐದು ವರ್ಷದ ಒಂದೇ ಶಿಕ್ಷೆಯಿತ್ತು. ಎರಡು ವರ್ಷಗಳ ತರುವಾಯ ಒಳಸಂಚಿಗೂ ಅದೇ ಕನಿಷ್ಠ ಶಿಕ್ಷೆಯನ್ನು ಅನ್ವಯಿಸಿದ್ದರಿಂದ, ಮಾರುವವನ ಮನೆಯಲ್ಲಿದ್ದು ಅವನ ದೂರವಾಣಿ ಕರೆಯನ್ನು ತೆಗೆದುಕೊಂಡ ಹೆಂಡತಿಯೂ ಅವನಷ್ಟೇ ಅಪರಾಧಿಯಾದಳು. ಹೆಸರು ಹೇಳಿ ಶಿಕ್ಷೆ ತಗ್ಗಿಸಿಕೊಳ್ಳೋಣವೆಂದರೆ ಅವಳಿಗೆ ಗೊತ್ತಿದ್ದ ಹೆಸರು ಅವನದೊಂದೇ. 1980ರಲ್ಲಿ ಆ ದೇಶದ ಸೆರೆಮನೆಗಳಲ್ಲಿಯೂ ಸ್ಥಳೀಯ ಜೈಲುಗಳಲ್ಲಿಯೂ ಒಟ್ಟು ಇಪ್ಪತ್ತಾರು ಸಾವಿರದಷ್ಟಿದ್ದ ಹೆಂಗಸರ ಸಂಖ್ಯೆ 2019ರ ವೇಳೆಗೆ ಎರಡು ಲಕ್ಷ ಇಪ್ಪತ್ತು ಸಾವಿರವನ್ನು ದಾಟಿತು.

ಒಳಗೆ ಹೋದದ್ದು ಹೀಗೆ. ಈಗ ಹೊರಗೆ ಬರುವುದನ್ನು ನೋಡೋಣ. ಕ್ಯಾಲಿಫೋರ್ನಿಯಾದ ಸೆರೆಮನೆಯಿಂದ ಹೊರಡುವಾಗ ಕೈದಿಯ ಕೈಗೆ ಹೆಚ್ಚೆಂದರೆ ಇನ್ನೂರು ಡಾಲರು ಕೊಡುತ್ತಾರೆ. ಈ ಮೊತ್ತ 1970ರ ದಶಕದಲ್ಲಿ ನಿಗದಿಯಾದದ್ದು. ಬಸ್ಸಿನ ಟಿಕೆಟ್ಟನ್ನೂ ಉಡುವ ಬಟ್ಟೆಯನ್ನೂ ಸರ್ಕಾರವೇ ಒದಗಿಸಿದರೆ ಅದರ ಬೆಲೆಯನ್ನು ಇದರಲ್ಲಿಯೇ ಮುರಿದುಕೊಳ್ಳುವುದುಂಟು. ನಮ್ಮಲ್ಲಿ ಬಾಣಂತಿಯನ್ನು ತವರಿನಿಂದ ಗಂಡನ ಮನೆಗೆ ಕಳುಹಿಸುವಾಗ ಜೊತೆಗೆ ಯಾರು ಹೋಗಬೇಕು, ದಾರಿಗೆ ಏನು ಕಟ್ಟಿಕೊಡಬೇಕು, ಹೊತ್ತು ಮುಳುಗುವುದರೊಳಗೆ ತಲುಪುವುದು ಹೇಗೆ ಎಂದು ಹತ್ತು ಸಲ ವಿಚಾರಿಸುವ ಮುತುವರ್ಜಿಯಲ್ಲಿ ಒಂದು ಪಾಲಾದರೂ ಈ ಬಿಡುಗಡೆಗೆ ಇರಬಾರದೆ? ಲಾಸ್ ಏಂಜಲೀಸಿನ ಬಸ್ ನಿಲ್ದಾಣದಲ್ಲಿ ಇಳಿಯುವ ಹೆಂಗಸನ್ನು ಗುರುತಿಸಿ ಎದುರುಗೊಳ್ಳಲು ಬಂಧುಗಳು ಬಾರದಿದ್ದರೂ ಮಾದಕ ಮಾರುವವರೂ ಹೆಂಗಸರನ್ನು ಮಾರುವವರೂ ತಪ್ಪದೆ ಬಂದಿರುತ್ತಾರೆ.

ಅಮ್ಮನ ಮನೆಗೆ ಹೋಗೋಣವೆಂದರೆ, ಆ ಮನೆ ಸರ್ಕಾರದ ಬಾಡಿಗೆ ಮನೆಯಾಗಿದ್ದ ಪಕ್ಷದಲ್ಲಿ ಅಲ್ಲಿಯೂ ತೊಡಕು. ಮನೆಯವರಲ್ಲಾಗಲಿ, ಬಂದುಹೋಗುವ ಅತಿಥಿಗಳಲ್ಲಾಗಲಿ ಯಾರೊಬ್ಬರು ಮಾದಕಕ್ಕೆ ಸಂಬಂಧಪಟ್ಟ ಅಪರಾಧ ಮಾಡಿದರೂ, ಅದು ಬಾಡಿಗೆದಾರಳಿಗೆ ತಿಳಿಯದಿದ್ದರೂ, ಅವಳನ್ನು ಒಕ್ಕಲೆಬ್ಬಿಸಬಹುದೆಂದು 2002ರಲ್ಲಿ ಸರ್ವೋಚ್ಚ ನ್ಯಾಯಾಲಯ ರಕರ್ ಮೊಕದ್ದಮೆಯಲ್ಲಿ ಹೇಳಿತು. ಓಕ್ಲೆಂಡಿನ ಆ ಬಾಡಿಗೆದಾರಳು ಅರವತ್ತು ದಾಟಿದ ವೃದ್ಧೆ, ಸಿಕ್ಕಿಬಿದ್ದವಳು ಅವಳ ಮಗಳು. ಇಂಥ ತೀರ್ಪಿನ ಬಳಿಕ ಯಾವ ತಾಯಿ ಮಗಳಿಗೆ ನಿರ್ಭಯವಾಗಿ ಬಾಗಿಲು ತೆರೆದಾಳು! ಅನ್ನಕ್ಕೆ ಸರ್ಕಾರದ ಆಹಾರಚೀಟಿಯನ್ನು ಕೇಳೋಣವೆಂದರೆ, 1996ರ ಶಾಸನದ ಪ್ರಕಾರ ಮಾದಕಾಪರಾಧದಲ್ಲಿ ಗುರುತರ ಶಿಕ್ಷೆಯಾದವರಿಗೆ ಅದು ಜೀವಮಾನಪರ್ಯಂತ ನಿಷಿದ್ಧ. ಕೊಲೆ ಮಾಡಿದವಳಿಗೆ ಆ ನಿಷೇಧವಿಲ್ಲ! ಸಂಸ್ಥಾನಗಳು ಬೇಕಾದರೆ ಇದನ್ನು ಸಡಿಲಿಸಿಕೊಳ್ಳಬಹುದೆಂಬ ಅವಕಾಶವಿದ್ದುದರಿಂದ ಹೆಚ್ಚಿನವು ಕಾಲಕ್ರಮದಲ್ಲಿ ಸಡಿಲಿಸಿಕೊಂಡವೆಂಬುದನ್ನು ನ್ಯಾಯಕ್ಕಾಗಿ ಹೇಳಬೇಕು.

ಮಗುವಿನ ವಿಷಯ ಎಲ್ಲಕ್ಕಿಂತ ಕಠಿಣ. ತಾಯಿ ಸೆರೆಯಲ್ಲಿದ್ದಾಗ ಮಗು ಸರ್ಕಾರದ ಪೋಷಣೆಗೆ ಹೋದರೆ, ಇಪ್ಪತ್ತೆರಡು ತಿಂಗಳಲ್ಲಿ ಹದಿನೈದು ತಿಂಗಳು ಅಲ್ಲಿ ಕಳೆದೊಡನೆ ತಾಯಿಯ ಹಕ್ಕನ್ನು ರದ್ದುಮಾಡಲು ಸರ್ಕಾರ ಸಾಮಾನ್ಯವಾಗಿ ಅರ್ಜಿ ಹಾಕಬೇಕೆಂದು 1997ರ ಕಾನೂನು ವಿಧಿಸಿತು. ಮಗು ವರ್ಷಾನುವರ್ಷ ಅತಂತ್ರವಾಗಿ ಅಲೆಯಬಾರದೆಂಬ ಸದುದ್ದೇಶವೇ ಅದರ ಹಿಂದೆ ಇದ್ದದ್ದು. ಆದರೆ ಎರಡು ವರ್ಷದ ಶಿಕ್ಷೆ ಹದಿನೈದು ತಿಂಗಳಿಗಿಂತ ದೀರ್ಘವಷ್ಟೆ? ತಾಯಿ ಚಿಕಿತ್ಸೆಯನ್ನು ಪೂರ್ತಿಗೊಳಿಸಿ, ಪ್ರಮಾಣಪತ್ರವನ್ನು ಕೈಯಲ್ಲಿ ಹಿಡಿದು ಬರುವ ಹೊತ್ತಿಗೆ, ಯಾರಿಗಾಗಿ ಮಾದಕ ಬಿಟ್ಟಳೋ ಆ ಮಗು ಕಾನೂನಿನ ಪ್ರಕಾರ ಬೇರೊಬ್ಬರದಾಗಿರುವುದುಂಟು. ನ್ಯೂಯಾರ್ಕಿನ ಬೆಡ್‌ಫರ್ಡ್ ಹಿಲ್ಸ್ ಸೆರೆಮನೆಯಲ್ಲಿ 1901ರಿಂದಲೂ ಒಂದು ಶಿಶುವಿಹಾರವಿದ್ದು ತಾಯಂದಿರು ಕೂಸುಗಳನ್ನು ತಮ್ಮೊಡನೆಯೇ ಇಟ್ಟುಕೊಳ್ಳುತ್ತಿದ್ದರೆಂಬುದನ್ನು ನೆನೆದರೆ, ಶತಮಾನದ ಆದಿಯಲ್ಲಿ ತಿಳಿದಿದ್ದನ್ನು ಅಂತ್ಯದಲ್ಲಿ ಮರೆತರೋ ಎನಿಸುತ್ತದೆ. ಕೊನೆಗೆ 2018ರ ಶಾಸನ, ನಿವಾಸಿ ಚಿಕಿತ್ಸಾಗೃಹದಲ್ಲಿರುವ ತಾಯಿಯೊಡನೆ ಮಗುವೂ ಇದ್ದರೆ ಆ ಮಗುವಿನ ಪೋಷಣೆಯ ವೆಚ್ಚವನ್ನು ಹನ್ನೆರಡು ತಿಂಗಳವರೆಗೆ ಕೇಂದ್ರದ ಹಣದಿಂದ ಭರಿಸಬಹುದೆಂದು ಒಪ್ಪಿಕೊಂಡಿತು.

ದೇಹದ ವಿಚಾರವೂ ಒಂದಿದೆ. ಇದನ್ನು ತಿಳಿಯದೆ ಸತ್ತವರ ಸಂಖ್ಯೆ ಸಣ್ಣದಲ್ಲ. ಹೆರಾಯಿನ್‌ನಂಥ ದ್ರವ್ಯವನ್ನು ದಿನವೂ ಸೇವಿಸುವ ದೇಹ ಅದನ್ನು ತಾಳಿಕೊಳ್ಳುವ ಶಕ್ತಿಯನ್ನು ಬೆಳೆಸಿಕೊಳ್ಳುತ್ತದೆ. ಸೆರೆಯಲ್ಲಿ ಕೆಲವು ತಿಂಗಳು ಬಿಟ್ಟಿದ್ದರೆ ಆ ಶಕ್ತಿ ಅಳಿಯುತ್ತದೆ, ಆದರೆ ಆಸೆ ಅಳಿಯುವುದಿಲ್ಲ. ಹೊರಗೆ ಬಂದ ಮೊದಲ ವಾರದಲ್ಲಿ ಹಳೆಯ ಪ್ರಮಾಣವನ್ನೇ ತೆಗೆದುಕೊಂಡರೆ ಉಸಿರು ನಿಲ್ಲಬಹುದು. ವಾಷಿಂಗ್ಟನ್ ಸಂಸ್ಥಾನದ ಸೆರೆಮನೆಗಳಿಂದ 1999ರಿಂದ 2003ರವರೆಗೆ ಬಿಡುಗಡೆಯಾದ ಮೂವತ್ತು ಸಾವಿರಕ್ಕೂ ಹೆಚ್ಚು ಜನರನ್ನು ಕುರಿತು 2007ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಮೊದಲ ಎರಡು ವಾರಗಳಲ್ಲಿ ಮಾದಕದ ಅತಿಸೇವನೆಯಿಂದ ಅವರು ಸಾಯುವ ಸಂಭವ ಇತರ ನಿವಾಸಿಗಳಿಗಿಂತ 129 ಪಟ್ಟು. ರೋಡ್ ಐಲೆಂಡ್ ಎಂಬ ಪುಟ್ಟ ಸಂಸ್ಥಾನ ಇದಕ್ಕೆ ಪರಿಹಾರವಾಗಿ 2016ರಲ್ಲಿ ತನ್ನ ಸೆರೆಮನೆಯೊಳಗೇ ಮೆಥಡೋನ್, ಬುಪ್ರೆನಾರ್ಫಿನ್ ಮುಂತಾದ ಔಷಧಗಳನ್ನು ಕೊಡಲು ತೊಡಗಿ, ಬಿಡುಗಡೆಯ ದಿನವೇ ಹೊರಗಿನ ಚಿಕಿತ್ಸಾಲಯಕ್ಕೆ ರೋಗಿಯನ್ನು ಒಪ್ಪಿಸುವ ಏರ್ಪಾಡು ಮಾಡಿತು. 2016ರ ಮೊದಲ ಆರು ತಿಂಗಳಲ್ಲಿ ಅತಿಸೇವನೆಯಿಂದ ಸತ್ತವರ ಪೈಕಿ ಇತ್ತೀಚೆಗೆ ಸೆರೆಯಿಂದ ಬಂದಿದ್ದವರು 26 ಮಂದಿ. 2017ರ ಅದೇ ಅವಧಿಯಲ್ಲಿ 9.

ಈ ಎಲ್ಲ ಎಳೆಗಳೂ ಒಂದೇ ಬಾಳಿನಲ್ಲಿ ಸೇರಿರುವ ನಿದರ್ಶನ ಬೇಕಾದರೆ ಸೂಸನ್ ಬರ್ಟನ್ ಅವರ ಕಥೆಯನ್ನು ನೋಡಬೇಕು. ಅದನ್ನು ಅವರೇ 2017ರಲ್ಲಿ ಪುಸ್ತಕವಾಗಿ ಬರೆದಿದ್ದಾರೆ. ಲಾಸ್ ಏಂಜಲೀಸಿನಲ್ಲಿ ಅವರ ಐದು ವರ್ಷದ ಮಗ ಪೊಲೀಸ್ ಅಧಿಕಾರಿಯೊಬ್ಬನ ವಾಹನಕ್ಕೆ ಸಿಕ್ಕಿ ತೀರಿಕೊಂಡ. ಆ ದುಃಖವನ್ನು ತಾಯಿ ಮೊದಲು ಮದ್ಯದಲ್ಲಿ, ಆಮೇಲೆ ಕ್ರ್ಯಾಕಿನಲ್ಲಿ ಮುಳುಗಿಸಲು ನೋಡಿದರು. ಹಲವು ವರ್ಷಗಳ ಅವಧಿಯಲ್ಲಿ ಮತ್ತೆ ಮತ್ತೆ ಸೆರೆಮನೆಯನ್ನು ಕಂಡರು. ಅಲ್ಲಿ ಯಾರೊಬ್ಬರೂ ಚಿಕಿತ್ಸೆಯ ಮಾತನ್ನೆತ್ತಲಿಲ್ಲ. 1997ರಲ್ಲಿ ಸಾಂಟಾ ಮೋನಿಕಾ ಎಂಬ ಅನುಕೂಲಸ್ಥರ ನಗರದ ಚಿಕಿತ್ಸಾಗೃಹವೊಂದರಲ್ಲಿ ಅವರಿಗೆ ಜಾಗ ದೊರೆತು ವ್ಯಸನ ಬಿಟ್ಟಿತು. ಆಗ ಅವರ ಕಣ್ಣಿಗೆ ಬಿದ್ದದ್ದು, ತಮ್ಮ ಬೀದಿಯಲ್ಲಿ ಸೆರೆಗೆ ದೂಡುವ ಅದೇ ತಪ್ಪಿಗೆ ಈ ಬೀದಿಯ ಜನರನ್ನು ಚಿಕಿತ್ಸೆಗೆ ಕಳುಹಿಸುತ್ತಾರೆಂಬ ಸಂಗತಿ. ಮರುವರ್ಷ ಅವರು ವಾಟ್ಸ್ ಬಡಾವಣೆಯಲ್ಲಿ ಒಂದು ಸಣ್ಣ ಮನೆಯನ್ನು ಹಿಡಿದು, ಮೇಲೊಂದು ಕೆಳಗೊಂದು ಮಂಚಗಳನ್ನು ಹಾಕಿಸಿ, ಬಸ್ ನಿಲ್ದಾಣಕ್ಕೆ ತಾವೇ ಹೋಗಿ, ಸೆರೆಯಿಂದ ಬಂದಿಳಿಯುವ ಹೆಂಗಸರನ್ನು ಮನೆಗೆ ಕರೆತರತೊಡಗಿದರು. ನಿಲ್ದಾಣದಲ್ಲಿ ಕಾದಿರುತ್ತಿದ್ದ ಉಳಿದವರಿಗೆ ಅಂದಿನಿಂದ ಒಬ್ಬ ಪ್ರತಿಸ್ಪರ್ಧಿ.

ಇಂಥ ಮನೆಯಲ್ಲಿ ಮೊದಲ ವಾರ ನಡೆಯುವುದು ಉಪದೇಶವೂ ಅಲ್ಲ, ಮನೋವಿಶ್ಲೇಷಣೆಯೂ ಅಲ್ಲ. ಒಂದು ಹಾಸಿಗೆ, ಹಲ್ಲುಜ್ಜುವ ಬ್ರಷ್ಷು, ಒಳ್ಳೆಯ ಊಟ. ಅನಂತರ ಕಾಗದಪತ್ರ. ಗುರುತಿನ ಚೀಟಿ ಇಲ್ಲದೆ ಕೆಲಸವಿಲ್ಲ; ಜನನಪತ್ರವಿಲ್ಲದೆ ಗುರುತಿನ ಚೀಟಿಯಿಲ್ಲ; ವಿಳಾಸವಿಲ್ಲದೆ ಯಾವ ಪತ್ರವೂ ಅಂಚೆಯಲ್ಲಿ ಬರುವಂತಿಲ್ಲ. ಆ ವಿಳಾಸವೇ ಮನೆ ಕೊಡುವ ಮೊದಲ ಔಷಧ. ಬೆಳಿಗ್ಗೆ ಎಲ್ಲರೂ ಕೂಡಿ ತಂತಮ್ಮ ದಿನದ ಕಾರ್ಯಗಳನ್ನು ಹೇಳಿಕೊಳ್ಳುತ್ತಾರೆ: ಒಬ್ಬಳು ಮೇಲ್ವಿಚಾರಣೆಯ ಅಧಿಕಾರಿಯನ್ನು ಕಾಣಬೇಕು, ಒಬ್ಬಳಿಗೆ ಮಕ್ಕಳ ನ್ಯಾಯಾಲಯದಲ್ಲಿ ವಾಯಿದೆ, ಒಬ್ಬಳಿಗೆ ಹಲ್ಲುನೋವು. ಸಂಜೆಗೆ ಅಡುಗೆಯ ಸರದಿ ಯಾರದೆಂದು ಜಗಳ. ವರ್ಷಗಟ್ಟಲೆ ಗಂಟೆಯ ಸದ್ದಿಗೆ ಎದ್ದು ಗಂಟೆಯ ಸದ್ದಿಗೆ ಉಂಡವರಿಗೆ ಯಾವ ತರಕಾರಿ ತರಬೇಕೆಂದು ಅಂಗಡಿಯಲ್ಲಿ ನಿಂತು ನಿರ್ಧರಿಸುವುದೇ ಒಂದು ದೊಡ್ಡ ಪರೀಕ್ಷೆಯಂತೆ; ಮೊದಮೊದಲು ಬರಿಗೈಯಲ್ಲಿ ಹಿಂದಿರುಗುವವರೂ ಇರುವರಂತೆ.

ಈಗ ಕ್ಯಾಲಿಫೋರ್ನಿಯಾ ಸರ್ಕಾರವೇ, ಶಿಕ್ಷೆಯ ಕೊನೆಯ ಭಾಗವನ್ನು ಸೆರೆಮನೆಯ ಬದಲು ಊರೊಳಗಿನ ಚಿಕಿತ್ಸಾಗೃಹದಲ್ಲಿ ಕಳೆಯಲು ಅರ್ಹ ಹೆಂಗಸರಿಗೆ ಅವಕಾಶ ಮಾಡಿದೆ. ಸ್ಯಾನ್ ಡಿಯೇಗೊ, ಬೇಕರ್ಸ್‌ಫೀಲ್ಡ್, ಸ್ಟಾಕ್ಟನ್ ಮೊದಲಾದ ಕಡೆ ಅಂಥ ಗೃಹಗಳಿವೆ. ಇದಕ್ಕೆ ಮುಂಚೆ 2010ರ ಶಾಸನದಿಂದ ಬಂದಿದ್ದ, ಮನೆಯಲ್ಲಿಯೋ ಗೃಹದಲ್ಲಿಯೋ ಇದ್ದು ಶಿಕ್ಷೆ ಕಳೆಯುವ ಇನ್ನೊಂದು ಯೋಜನೆ ಹೆಂಗಸರಿಗೆ ಮಾತ್ರವೇ ಮೀಸಲಾಗಿರುವುದು ಅನ್ಯಾಯವೆಂದು ಗಂಡಸು ಕೈದಿಯೊಬ್ಬ ದಾವೆ ಹೂಡಿ 2015ರಲ್ಲಿ ಗೆದ್ದದ್ದು ಪ್ರಾಸಂಗಿಕವಾಗಿ ಸ್ಮರಣಾರ್ಹ. ಒಳ್ಳೆಯದೆಂದು ತಿಳಿದ ಮೇಲೆ ಎಲ್ಲರೂ ಕೇಳುವುದು ಸಹಜ. ಆದರೂ ಇಂಥ ಗೃಹಗಳನ್ನು ಕುರಿತು ನನಗೊಂದು ಸಂದೇಹವಿದೆ. ಗೃಹದಲ್ಲಿರುವ ಹೆಂಗಸು ಕಾನೂನಿನ ದೃಷ್ಟಿಯಲ್ಲಿ ಇನ್ನೂ ಕೈದಿ. ನಿಯಮ ತಪ್ಪಿದರೆ ಮತ್ತೆ ಸೆರೆಮನೆಗೆ. ವ್ಯಸನದ ಸ್ವಭಾವವನ್ನು ಬಲ್ಲವರೆಲ್ಲ, ಒಂದೆರಡು ಸಲ ಎಡವುವುದು ಗುಣವಾಗುವ ದಾರಿಯಲ್ಲಿ ಸಾಮಾನ್ಯವೆನ್ನುತ್ತಾರೆ. ಎಡವಿದಾಗ ಅದನ್ನು ಬಾಯಿಬಿಟ್ಟು ಹೇಳಿಕೊಳ್ಳುವುದೇ ಚಿಕಿತ್ಸೆಯ ತಿರುಳು. ಆದರೆ ಯಾರೊಡನೆ ಹೇಳಿಕೊಳ್ಳಬೇಕೋ ಅವರೇ ವರದಿ ಬರೆಯುವವರೂ ಆಗಿದ್ದರೆ, ಯಾವ ಹೆಂಗಸು ನಿಜ ಹೇಳಿಯಾಳು? ಅವಳು ಸುಳ್ಳು ಹೇಳುವುದನ್ನು ಕಲಿಯುತ್ತಾಳೆ, ಗೃಹ ಅದನ್ನು ಸುಧಾರಣೆಯೆಂದು ನಮೂದಿಸುತ್ತದೆ. ಚಿಕಿತ್ಸೆ ನೀಡುವವರನ್ನೂ ಕಾವಲು ಕಾಯುವವರನ್ನೂ ಬೇರೆ ಬೇರೆಯಾಗಿ ಇಡದ ಗೃಹ ಎಷ್ಟೇ ಹೂದೋಟವನ್ನು ಬೆಳೆಸಿಕೊಂಡಿದ್ದರೂ ಆಲ್ಡರ್ಸನ್ನಿನ ಕುಟೀರವೇ ಎಂದು ನನ್ನ ಭಾವನೆ. ಬರ್ಟನ್ ಅವರ ಮನೆಯ ಬಾಗಿಲಿಗೆ ಸರ್ಕಾರದ ಬೀಗವಿಲ್ಲದಿರುವುದು ಆಕಸ್ಮಿಕವಾದ ಗುಣವಲ್ಲ.

ನಮ್ಮ ದೇಶದ ಮಾತು ಕೊನೆಗೆ, ಸಂಕ್ಷೇಪವಾಗಿ. 1985ರ ನಮ್ಮ ಮಾದಕದ್ರವ್ಯ ಶಾಸನ ಕಠಿಣವಾದದ್ದೆಂದು ಪ್ರಸಿದ್ಧವಾಗಿದ್ದರೂ ಅದರೊಳಗೆ ಎರಡು ಕಿರುಬಾಗಿಲುಗಳಿವೆ. ಸೇವನೆಯ ಅಥವಾ ಅಲ್ಪಪ್ರಮಾಣದ ಅಪರಾಧದಲ್ಲಿ ತಪ್ಪಿತಸ್ಥಳೆಂದು ಕಂಡುಬಂದ ವ್ಯಸನಿಯನ್ನು, ಅವಳ ಒಪ್ಪಿಗೆಯ ಮೇರೆಗೆ, ಕೂಡಲೆ ಸೆರೆಗೆ ಕಳುಹಿಸದೆ, ಮುಚ್ಚಳಿಕೆ ಬರೆಸಿಕೊಂಡು ಸರ್ಕಾರ ನಡೆಸುವ ಅಥವಾ ಮಾನ್ಯಮಾಡಿದ ಆಸ್ಪತ್ರೆಗೆ ಚಿಕಿತ್ಸೆಗಾಗಿ ಬಿಡಬಹುದೆಂದು 39ನೆಯ ಪ್ರಕರಣ ಹೇಳುತ್ತದೆ. ತಾನಾಗಿಯೇ ಮುಂದೆ ಬಂದು ಚಿಕಿತ್ಸೆ ಪಡೆದವಳನ್ನು ಮೊಕದ್ದಮೆಯಿಂದಲೇ ಪಾರುಮಾಡುವುದು 64ಎ ಪ್ರಕರಣ. ತಾಯಿಯೊಡನೆ ಮಗು ಆರು ವರ್ಷದವರೆಗೆ ಸೆರೆಮನೆಯಲ್ಲಿ ಇರಬಹುದೆಂದೂ, ಆ ಮಗುವಿಗೆ ಕೈದಿಯ ಬಾಳು ಬರಬಾರದೆಂದೂ ನಮ್ಮ ಸರ್ವೋಚ್ಚ ನ್ಯಾಯಾಲಯ 2006ರಲ್ಲಿ ವಿವರವಾದ ಆದೇಶ ಕೊಟ್ಟಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವ್ಯಸನಚಿಕಿತ್ಸಾ ಕೇಂದ್ರದಂಥ ಪರಿಣತ ಕೇಂದ್ರ ನಮ್ಮ ಕೈಯಳತೆಯಲ್ಲಿಯೇ ಇದೆ. ಕಾನೂನು ಇಷ್ಟು ದೂರ ಬಂದು ನಿಂತಿದೆ. ಆದರೆ 39ನೆಯ ಪ್ರಕರಣ ನ್ಯಾಯಾಲಯದ ಮುಂದಿಡಬೇಕೆಂದು ಅಪೇಕ್ಷಿಸುವುದು ಚಿಕಿತ್ಸೆಯ ಫಲವನ್ನು ಕುರಿತ ಒಂದು ವರದಿಯನ್ನು. ಚಿಕಿತ್ಸೆ ಮುಗಿದ ಸಂಜೆ ಅವಳು ಯಾರ ಮನೆಗೆ ಹೋಗುತ್ತಾಳೆಂದು ಕೇಳುವ ಹೊಣೆಯನ್ನು ಅದು ಯಾರಿಗೂ ವಹಿಸಿಲ್ಲ. ಕುಡಿದು ಹಾಳಾದ ಗಂಡಸನ್ನು ನಮ್ಮ ಸಂಸಾರಗಳು ಬಯ್ಯುತ್ತಲೇ ಒಳಗೆ ಸೇರಿಸಿಕೊಳ್ಳುತ್ತವೆ. ಅದೇ ಕಾರಣಕ್ಕೆ ಸೆರೆ ಕಂಡುಬಂದ ಹೆಂಗಸಿಗೆ ತವರೂ ಇಲ್ಲ, ಅತ್ತೆಯ ಮನೆಯೂ ಇಲ್ಲ. ಇಲ್ಲಿ ಕುಳಿತಿರುವವರಲ್ಲಿ ವಕೀಲರಿದ್ದೀರಿ, ವೈದ್ಯರಿದ್ದೀರಿ, ಹೆಂಗಸರ ಸಂಘಗಳನ್ನು ನಡೆಸುವವರಿದ್ದೀರಿ. ಒಂದು ಬಾಡಿಗೆ ಮನೆ, ಆರು ಮಂಚ, ಕಾಗದಪತ್ರಗಳನ್ನು ಬಲ್ಲ ಒಬ್ಬ ಗುಮಾಸ್ತೆ, ಸೆರೆಯ ಬಾಗಿಲಿಗೆ ಹೋಗಿ ಕರೆತರುವ ಒಬ್ಬ ಹೆಂಗಸು, ಇಷ್ಟನ್ನು ನಮ್ಮ ಜಿಲ್ಲೆಯಲ್ಲಿ ಒದಗಿಸುವುದಕ್ಕೆ ತಗಲುವ ವೆಚ್ಚವನ್ನು ಲೆಕ್ಕ ಹಾಕಿಕೊಡಬಲ್ಲವರು ಸಭೆ ಮುಗಿದ ಬಳಿಕ ಕಾರ್ಯದರ್ಶಿಗಳನ್ನು ಕಾಣಬೇಕೆಂದು ಪ್ರಾರ್ಥಿಸುತ್ತೇನೆ.